ಮಳೆ ರಜೆಗೆ ಪಡ್ಡಿನ ಕಾವಲಿ

ಜುಲೈ ತಿಂಗಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ಕಾರವಾರದಿಂದ ಮಗಳ ಫೋನ್ ಬಂತು ಅಂದರೆ ವಿಷಯ ಏನು ಅಂತ ನನಗೆ ಕೇಳುವ ಮೊದಲೇ ಗೊತ್ತು. ಜೋರು ಮಳೆ, ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದಾರೆ. ಶಾಲೆಗೂ ರಜೆ, ಅಂಗನವಾಡಿಗೂ ರಜೆ. ಅವಳ ಕೆಲಸಕ್ಕೆ ಮಾತ್ರ ರಜೆ ಇಲ್ಲ, ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂರಬೇಕು. ಮೊಮ್ಮಗ ಮಾಣಿಗೆ ಆರು ವರ್ಷ, ಮೊಮ್ಮಗಳು ಕೂಸಿಗೆ ಮೂರೂವರೆ. "ಆಯೀ, ಇವರನ್ನು ಸಂಜೆ ತನಕ ಏನು ಮಾಡಲಿ?" ಅನ್ನುತ್ತಾಳೆ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಮಳೆಗಾಲದಲ್ಲಿ ಮನೆಯೊಳಗೆ ಸಂಭಾಳಿಸಿದ್ದೇನೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ತಯಾರಿಗೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕಾಗುವ ಆಟದ ಗೊಡವೆಗೆ ಹೋಗಬೇಡಿ. ನೀವು ಅರ್ಧ ಗಂಟೆ ಕೂತು ಕತ್ತರಿಸಿ, ಅಂಟಿಸಿ ಏನೋ ಮಾಡಿಕೊಡುತ್ತೀರಿ. ಮಗು ಎರಡು ನಿಮಿಷ ನೋಡಿ ಎದ್ದು ಹೋಗುತ್ತದೆ. ಆಮೇಲೆ ಸಿಟ್ಟು ಬರುವುದು ಯಾರಿಗೆ? ನಿಮಗೇ ಅಲ್ವಾ? ನಿಮ್ಮ ಕೈಯಲ್ಲಿ ಏನಿದೆಯೋ ಅದು ಮಕ್ಕಳಿಗೆ ಬೇಕು. ನೀವು ಬಟಾಣಿ ಸುಲಿಯುತ್ತಿದ್ದರೆ ಬಟಾಣಿ, ಬಟ್ಟೆ ಮಡಚುತ್ತಿದ್ದರೆ ಬಟ್ಟೆ. ಅದರಲ್ಲೇ ಅರ್ಧ ಅವರಿಗೆ ಕೊಟ್ಟುಬಿಡಿ.

2024ರ ಮಾರಿಕಾಂಬಾ ಜಾತ್ರೆಯಲ್ಲಿ ಮಾಣಿಗೆ ಬ್ಯಾಟರಿ ರೈಲು ಕೊಡಿಸಿದ್ದೆವು. ತಾನೇ ಓಡುವ ರೈಲನ್ನು ಅವನು ಸುಮ್ನೆ ನಿಂತು ನೋಡಿದ. ವಾರದಲ್ಲಿ ಬ್ಯಾಟರಿ ಮುಗಿಯಿತು. ಆಮೇಲೆ ಅದಕ್ಕೆ ಬಾಳೆನಾರು ಕಟ್ಟಿ, ಮೇಲೆ ಅಡಿಕೆ ಹೇರಿ, ಜಗಲಿ ತುಂಬ ಎಳೆದಾಡಿದ. ನಿಜವಾದ ಆಟ ಶುರುವಾದದ್ದು ಆವತ್ತು.

ಮಗಳಿಗೆ ನಾನು ಮೊದಲು ಹೇಳುವುದು ಪಡ್ಡಿನ ಕಾವಲಿಯ ಆಟ. ನಮ್ಮ ಹಳೆಯ ಅಳಗುಳಿ ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಕೆಲವರು ಅದಕ್ಕೆ ಚೆನ್ನೆಮಣೆ ಅನ್ನುತ್ತಾರೆ. ಪೇಟೆಯ ಫ್ಲ್ಯಾಟಿನಲ್ಲಿ ಮಣೆ ಎಲ್ಲಿಂದ ತರುವುದು? ಏಳು ಗುಳಿಯ ಪಡ್ಡಿನ ಕಾವಲಿ ಎರಡು ಇದ್ದರೆ ಲೆಕ್ಕ ಸರಿಹೋಯಿತು. ಒಂದು ನಿಮ್ಮದು, ಒಂದು ಪಕ್ಕದ ಮನೆಯದು. ಗುಳಿಗೆ 4ರಂತೆ 56 ಹುಣಸೆ ಬೀಜ ಬೇಕು. ಬೀಜ ಹಂಚುವ ಕೆಲಸವನ್ನು ಮಗುವಿಗೇ ಬಿಡಿ. ಒಂದು ಗುಳಿಗೆ ಐದು ಬೀಳುತ್ತದೆ, ಇನ್ನೊಂದಕ್ಕೆ ಮೂರು. ತಪ್ಪು ಅಂತ ಹೇಳಬೇಡಿ. ಕೊನೆಯ ಗುಳಿಗೆ ಕಡಿಮೆ ಬಿದ್ದಾಗ ಅದಕ್ಕೇ ಗೊತ್ತಾಗುತ್ತದೆ, ಹಿಂದೆ ಹೋಗಿ ಹುಡುಕುತ್ತದೆ. ಹಾಗೆ ಹುಡುಕುವಾಗ ನಮ್ಮ ಮಾಣಿ ನಾಲಿಗೆ ಹೊರಗೆ ಚಾಚಿಕೊಂಡು, ಬೆರಳಿನ ತುದಿಯಿಂದ ಒಂದೊಂದೇ ಬೀಜ ಸರಿಸುತ್ತಾನೆ. ಅಷ್ಟು ಹೊತ್ತಿಗೆ ನನ್ನ ಅರ್ಧ ಅಡುಗೆ ಆಗಿರುತ್ತದೆ.

ಐದಾರು ವರ್ಷದವರಿಗೆ ಪೂರ್ತಿ ಆಟವನ್ನೇ ಕಲಿಸಬಹುದು. ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯದ್ದನ್ನು ಎತ್ತಿ ಮತ್ತೆ ಹಾಕಬೇಕು. ಆ ಗುಳಿ ಖಾಲಿ ಇದ್ದರೆ ಅದರ ಆಚೆಯ ಗುಳಿಯದ್ದೆಲ್ಲ ನಿಮಗೆ. ಊರಿಗೊಂದು ನಿಯಮ ಇರುತ್ತದೆ, ನಿಮ್ಮ ಅಜ್ಜಿ ಆಡಿಸಿದ ಹಾಗೆಯೇ ಆಡಿಸಿ.

ಆದರೆ ಮೂರು ವರ್ಷದ ಕೂಸಿನ ಕೈಗೆ ಹುಣಸೆ ಬೀಜ ಕೊಡಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ದೊಡ್ಡ ಮಗ ಸಣ್ಣವನಿದ್ದಾಗ ಕಡಲೆಕಾಳು ಮೂಗಿಗೆ ಹಾಕಿಕೊಂಡು ಯಾರಿಗೂ ಹೇಳದೆ ಕೂತಿದ್ದ. ನಾನು ಹೇರ್‌ಪಿನ್ ತಂದು ತೆಗೆಯಲು ಹೋದೆ, ಕಾಳು ಇನ್ನೂ ಒಳಗೆ ಹೋಯಿತು. ಜೀಪು ಹಿಡಿದು ಪೇಟೆಗೆ ಹೋಗುವಷ್ಟರಲ್ಲಿ ಅದು ತೇವಕ್ಕೆ ಉಬ್ಬಿತ್ತು. ಡಾಕ್ಟರು ತೆಗೆದರು, ಜೊತೆಗೆ ನನಗೂ ಸಮಾ ಬೈದರು. ಹಾಗಾಗಿ ಕಾಳು ಮೂಗಿಗೋ ಕಿವಿಗೋ ಹೋದರೆ ಕೈ ಹಾಕದೆ ಸೀದಾ ಡಾಕ್ಟರ ಹತ್ತಿರ ಹೋಗಿ. ಸಣ್ಣವರಿಗೆ ಗುಳಿಗೊಂದು ನಿಂಬೆಹಣ್ಣು ಇಡಲು ಕೊಡಿ, ಸಾಕು. ಇನ್ನೊಂದು ಮಾತು, ಚಂದ ಕಾಣುತ್ತದೆ ಅಂತ ಗುಲಗಂಜಿಯನ್ನು ಆಟಕ್ಕೆ ಬಳಸಬೇಡಿ. ಕೆಂಪು ಬೀಜಕ್ಕೆ ಕಪ್ಪು ಚುಕ್ಕೆ ಇರುತ್ತದೆ, ಜಗಿದರೆ ವಿಷ.

ಬಣ್ಣದ ಆಟಕ್ಕೆ ದಾಸವಾಳ. ಗೇಟಿನ ಹತ್ತಿರ ಒಂದು ಕೆಂಪು ದಾಸವಾಳದ ಗಿಡ ಇಲ್ಲದ ಬೀದಿ ಕಾರವಾರದಲ್ಲೂ ಇರಲಿಕ್ಕಿಲ್ಲ. ಐದಾರು ಹೂವಿನ ಎಸಳು ಕಿತ್ತು ಪಾತ್ರೆಗೆ ಹಾಕುವುದು ಮಕ್ಕಳ ಕೆಲಸ. ಬಿಸಿನೀರು ಹೊಯ್ಯುವುದು ನಿಮ್ಮ ಕೆಲಸ. ಹತ್ತು ನಿಮಿಷ ಬಿಟ್ಟರೆ ನೀರಿಗೆ ನೇರಳೆ ಬಣ್ಣ ಬರುತ್ತದೆ. ತಣಿದ ಮೇಲೆ ಮೂರು ಲೋಟಕ್ಕೆ ಬಗ್ಗಿಸಿ. ಒಂದಕ್ಕೆ ನಿಂಬೆರಸ ಹಿಂಡಲು ಹೇಳಿ, ಕಣ್ಣೆದುರೇ ಕೆಂಪಾಗುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ, ಅದು ಹಸಿರಿಗೆ ತಿರುಗುತ್ತದೆ. ಮೂರನೆಯದು ಹಾಗೆಯೇ ಇರಲಿ, ಹೋಲಿಸಿ ನೋಡಲು ಬೇಕು. ಮೊದಲ ಸಲ ನೋಡಿದಾಗ ಕೂಸು ಏನೂ ಮಾತಾಡಲಿಲ್ಲ. ಸೋಡಾ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಅಜ್ಜನ ಚಹಾಕ್ಕೆ ಹಾಕಿದಳು.

ಅರಿಶಿನವೂ ಹೀಗೆಯೇ. ಅರಿಶಿನ ನೀರು ಬಳಿದ ಕಾಗದ ಒಣಗಿದ ಮೇಲೆ ಸೋಪಿನ ನೀರಲ್ಲಿ ಕಡ್ಡಿ ಅದ್ದಿ ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಮಳೆಗಾಲದಲ್ಲಿ ಮಾತ್ರ ಹಳೆ ಅಂಗಿ ಹಾಕಿಯೇ ಕೂರಿಸಿ. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ. ಬಿಸಿಲು ಎಲ್ಲಿದೆ?

ಕೂತು ಆಡಿದ್ದು ಸಾಕಾದಾಗ ಕಾಲು ಓಡಬೇಕು. ಊರಲ್ಲಾದರೆ ಅಡಿಕೆ ಹಾಳೆ ಇದೆ. ಒಬ್ಬರು ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಪೇಟೆಯಲ್ಲಿ ಹಳೆ ಬೆಡ್‌ಶೀಟೇ ಹಾಳೆ. ಟೈಲ್ಸ್ ನೆಲದಲ್ಲಿ ಇನ್ನೂ ಚೆನ್ನಾಗಿ ಜಾರುತ್ತದೆ. ಮಧ್ಯದಲ್ಲಿರುವ ಟೀಪಾಯಿಯನ್ನು ಮೊದಲೇ ಸರಿಸಿಡಿ.

ಅದೇ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ನಿಂತರೆ ಯಕ್ಷಗಾನದ ತೆರೆ. ತಲೆಗೆ ಟವೆಲ್ ಸುತ್ತಿದರೆ ಮುಂಡಾಸು. ಖಾಲಿ ಎಣ್ಣೆ ಡಬ್ಬಿಯೇ ಚಂಡೆ. ಇಡಗುಂಜಿ ಮೇಳದ ಆಟ ಒಮ್ಮೆ ನೋಡಿ ಬಂದಾಗಿನಿಂದ ನಮ್ಮ ಮಾಣಿಗೆ ಇದೇ ಹುಚ್ಚು. ಆದರೆ ಅವನದು ಬರೀ ಒಡ್ಡೋಲಗ, ಅಂದರೆ ವೇಷ ಮೊದಲು ರಂಗಕ್ಕೆ ಬರುವ ಕುಣಿತ. ತೆರೆಯ ಹಿಂದೆ ಕುಣಿಯುತ್ತಾನೆ, ತೆರೆ ಸರಿಸಿದರೆ ಗರ್ಜಿಸುತ್ತಾನೆ, ಮತ್ತೆ ತೆರೆ ಹಿಡಿಯಿರಿ ಅನ್ನುತ್ತಾನೆ. ಕಥೆ ಮುಂದೆ ಹೋಗುವುದೇ ಇಲ್ಲ. ತೆರೆ ಹಿಡಿದವರ ಕೈ ಬಿದ್ದು ಹೋಗುತ್ತದೆ. ತುದಿಗಳನ್ನು ಎರಡು ಕುರ್ಚಿಗೆ ಕಟ್ಟಿಬಿಡಿ.

ಅಂಗಳದಲ್ಲಿ ತೆಂಗಿನ ಮರ ಇದ್ದರೆ ಪೀಪಿ ಮಾಡಿಕೊಡಿ. ಗರಿಯ ಒಂದು ಎಲೆ ತೆಗೆದುಕೊಂಡು ನಡುವಿನ ಕಡ್ಡಿ ಸೀಳಿ ತೆಗೆಯಿರಿ. ಒಂದು ತುದಿಯಿಂದ ಬೀಡಿಯಷ್ಟು ಸಪೂರ ಸುತ್ತಲು ಶುರುಮಾಡಿ. ಸುತ್ತಿನ ಮೇಲೆ ಸುತ್ತು ಸ್ವಲ್ಪ ಜಾರಿಸುತ್ತ ಹೋದರೆ ಇನ್ನೊಂದು ಬದಿ ಕಹಳೆಯ ಬಾಯಿಯ ಹಾಗೆ ಅಗಲವಾಗುತ್ತದೆ. ಬಿಚ್ಚದಂತೆ ಅದೇ ಕಡ್ಡಿಯ ತುಂಡು ಚುಚ್ಚಿ. ಸಪೂರ ತುದಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡದಿದ್ದರೆ ಊದಿದರೂ ಸ್ವರ ಬರುವುದಿಲ್ಲ. ಒಂದೇ ಪೀಪಿ ಮಾಡಬೇಡಿ, ಎಷ್ಟು ಮಕ್ಕಳೋ ಅಷ್ಟು ಮಾಡಿ. ಫೋನ್ ಮೀಟಿಂಗ್ ಇರುವ ದಿನ ಈ ಸಾಹಸವೇ ಬೇಡ.

ಬಕೆಟ್ ನೀರಲ್ಲಿ ಲೋಟ, ಜರಡಿ, ಚಮಚ ಕೊಟ್ಟು ಕೂರಿಸಿದರೆ ಒಂದು ಗಂಟೆ ಉಸಿರೆತ್ತುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಬಕೆಟ್ ಕಂಡರೆ ಭಯ. ಸಣ್ಣ ಮಗು ತಲೆಕೆಳಗಾಗಿ ಬಿದ್ದರೆ ಸ್ವಲ್ಪ ನೀರೂ ಸಾಕು ಮುಳುಗಲು. ಅಗಲ ತಟ್ಟೆಯಲ್ಲಿ ಎರಡು ಬೆರಳು ನೀರು ಕೊಡಿ, ನೀವು ಅಲ್ಲೇ ಕೂತಿರಿ. ಎದ್ದು ಹೋಗುವುದಿದ್ದರೆ ನೀರು ಚೆಲ್ಲಿಯೇ ಹೋಗಿ.

ಕರೆಂಟು ಹೋದರೆ ಟಾರ್ಚು, ಗೋಡೆ, ಕೈ ನೆರಳು. ಕೈ ಬೆಳಕಿನ ಹತ್ತಿರ ಬಂದಷ್ಟೂ ನಾಯಿ ದೊಡ್ಡದಾಗುತ್ತದೆ. ಅಷ್ಟು ಹೇಳಿಕೊಟ್ಟರೆ ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ.

ಮೊಬೈಲು ಕೊಡಬಾರದಾ ಅಂತ ಮಗಳು ಕೇಳುತ್ತಾಳೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾನು ಆ ಒಂದು ಗಂಟೆಯನ್ನು ದುಡ್ಡಿನ ಹಾಗೆ ಕೂಡಿಡುತ್ತೇನೆ. ಬೆಳಿಗ್ಗೆಯೇ ಖರ್ಚು ಮಾಡುವುದಿಲ್ಲ. ಒಲೆಯ ಮೇಲೆ ಎಣ್ಣೆ ಇಟ್ಟ ಹೊತ್ತಿಗೆ, ಮಕ್ಕಳು ಕಾಲಿಗೆ ತೊಡರಿಕೊಳ್ಳುವ ಹೊತ್ತಿಗೆ ಅದು ಕೈಯಲ್ಲಿರಬೇಕು.

ಇನ್ನು ಹಳೆಯದೊಂದಿದೆ, ಕಾಳು ಆರಿಸುವುದು. ದೊಡ್ಡವನಿಗೆ ಹೆಸರು, ಕಡಲೆ, ಅಲಸಂದೆ ಮೂರನ್ನೂ ಒಂದೇ ಮೊರಕ್ಕೆ ಸುರಿದು ಕೊಡಿ, ಮುಂದೆ ಮೂರು ಬಟ್ಟಲು ಇಡಿ. ಮುಗಿಸಲೇಬೇಕು ಅಂತ ಹಠ ಮಾಡಬೇಡಿ. ಅರ್ಧಕ್ಕೆ ಬಿಟ್ಟು ಎದ್ದರೆ ಉಳಿದದ್ದನ್ನು ತೊಳೆದು ರಾತ್ರಿ ನೆನೆಹಾಕಿ. ಮರುದಿನ ಕಾಯಿತುರಿ ಹಾಕಿ ಉಸಳಿ ಮಾಡಿದರೆ ಆಯಿತು. ನೆನೆಹಾಕುವ ಮೊದಲು ಒಮ್ಮೆ ಕೈಯಾಡಿಸಿ ನೋಡಿಕೊಳ್ಳಿ. ಹೋದ ವರ್ಷ ನಮ್ಮನೆಯವರ ಹಲ್ಲಿಗೆ ಸಿಕ್ಕಿದ್ದು ಅಳಗುಳಿ ಆಟದ ಹುಣಸೆ ಬೀಜ. ಐವತ್ತಾರರಲ್ಲಿ ಒಂದು ಕಡಿಮೆ ಅಂತ ಮಾಣಿ ಎರಡು ದಿನದಿಂದ ಹುಡುಕುತ್ತಿದ್ದ.