ಬಾಯಿ ಕ್ಯಾನ್ಸರ್: ವರದಿಯಲ್ಲಿ ಕಾವಲು ಕಣಗಳನ್ನು ಓದುವುದು ಹೇಗೆ?

ಗುಬ್ಬಿ ಕಡೆಯ ನಮ್ಮ ಚಿಕ್ಕಪ್ಪ ಬಯಾಪ್ಸಿ ವರದಿ ಹಿಡಿದು ತುಮಕೂರಿನ ಮನೆಗೆ ಬಂದರು. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಒತ್ತರಿಸಿಟ್ಟ ಎಡಗೆನ್ನೆಯಲ್ಲೇ ಹುಣ್ಣು. ‘ಲಿಂಫೋಸೈಟ್ ಅಂತ ಬರ್ದವ್ರಲ್ಲ, ಅದೂ ಕ್ಯಾನ್ಸರ್ರೇನಪ್ಪ?’

ಅಲ್ಲ. ಆ ಪದಕ್ಕೆ ಆಮೇಲೆ ಬರೋಣ. ಮೊದಲು ರೋಗದ ಹೆಸರು ನೋಡಿ. ತಲೆ-ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮ’, ಅಂದರೆ ಬಾಯಿ, ಗಂಟಲಿನ ಒಳಪದರದಲ್ಲಿ ಹುಟ್ಟುವಂಥದ್ದು.

ಈಗ ‘ಲಿಂಫೋಸೈಟಿಕ್ ಇನ್‌ಫಿಲ್ಟ್ರೇಟ್’. ಗಡ್ಡೆಯ ಸುತ್ತ ದೇಹದ ಕಾವಲು ಕಣಗಳಾದ ಬಿಳಿ ರಕ್ತಕಣಗಳು ನೆರೆದಿವೆ ಎಂದಷ್ಟೇ ಅರ್ಥ. ಅವುಗಳಲ್ಲಿ ಟಿ ಕಣಗಳು ಕ್ಯಾನ್ಸರ್ ಕಣವನ್ನು ಗುರುತಿಸಿ ಕೊಲ್ಲಬಲ್ಲವು. ಅವು ಗಡ್ಡೆಯೊಳಕ್ಕೇ ನುಗ್ಗಿದ್ದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಆದರೆ ಅಲ್ಲಿ ನೆರೆದವರೆಲ್ಲ ನಮ್ಮ ಕಡೆಯವರಲ್ಲ. ‘ಮ್ಯಾಕ್ರೋಫೇಜ್’ ಎಂಬ ಇನ್ನೊಂದು ಬಗೆಯ ಕಾವಲು ಕಣಗಳಲ್ಲಿ ಕೆಲವು ಗಡ್ಡೆಗೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಇದೇ.

ಆಪರೇಷನ್ ಆಗಿದ್ದರೆ ಕುತ್ತಿಗೆಯ ಗಂಟುಗಳ (ಲಿಂಫ್ ನೋಡ್) ಲೆಕ್ಕ ಇರುತ್ತದೆ. ‘2/34’ ಎಂದರೆ ತೆಗೆದ 34ರಲ್ಲಿ ಎರಡಕ್ಕೆ ಕ್ಯಾನ್ಸರ್ ಹರಡಿದೆ. ‘ರಿಯಾಕ್ಟಿವ್’ ಎಂದಿದ್ದರೆ ಆ ಗಂಟು ಊದಿರುವುದು ರಕ್ಷಣಾ ಕಣಗಳು ಹೆಚ್ಚಾಗಿ, ಕ್ಯಾನ್ಸರ್‌ನಿಂದಲ್ಲ.

ಕಾಯಿಲೆ ಮರುಕಳಿಸಿದ್ದರೆ ಅಥವಾ ದೂರಕ್ಕೆ ಹರಡಿದ್ದರೆ ‘ಪಿಡಿ-ಎಲ್1’ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಟಿ ಕಣದ ಮೇಲೆ ‘ಪಿಡಿ-1’ ಎಂಬ ಬ್ರೇಕ್ ಇದೆ; ಕ್ಯಾನ್ಸರ್ ಕಣ ತನ್ನ ಮೇಲಿನ ಪಿಡಿ-ಎಲ್1 ಎಂಬ ಪ್ರೋಟೀನ್‌ನಿಂದ ಅದನ್ನು ತುಳಿದು ಹಿಡಿಯುತ್ತದೆ. ಈ ಬ್ರೇಕ್ ಕಂಡುಹಿಡಿದ ಜಪಾನಿನ ವಿಜ್ಞಾನಿ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ವರದಿಯಲ್ಲಿ ‘ಸಿಪಿಎಸ್’ ಅಂಕೆ ಹುಡುಕಿ; ಪಿಡಿ-ಎಲ್1 ಎಷ್ಟಿದೆ ಎಂದು ಹೇಳುವುದು ಅದೇ. ಪರೀಕ್ಷೆಯಲ್ಲಿ ಪಿಡಿ-ಎಲ್1 ಇರುವ ಕಣಗಳು ಬಣ್ಣ ಹಿಡಿಯುತ್ತವೆ. ನೂರು ಕ್ಯಾನ್ಸರ್ ಕಣಗಳಿರುವಲ್ಲಿ ಬಣ್ಣ ಹಿಡಿದ ಕ್ಯಾನ್ಸರ್ ಕಣ 15, ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್ ಸೇರಿ 10 ಇದ್ದರೆ ಸಿಪಿಎಸ್ 25. ಅಂಕೆ ಹೆಚ್ಚಿದಷ್ಟೂ ಬ್ರೇಕ್ ಬಿಡಿಸುವ ಔಷಧ ಕೆಲಸ ಮಾಡುವ ಸಂಭವ ಹೆಚ್ಚು, ಖಾತ್ರಿಯಲ್ಲ. ಬ್ರೇಕ್ ಬಿಟ್ಟ ಕಣಗಳು ಒಮ್ಮೊಮ್ಮೆ ಥೈರಾಯ್ಡ್, ಶ್ವಾಸಕೋಶ, ಕರುಳಿನ ಮೇಲೂ ಬೀಳುತ್ತವೆ. ಭೇದಿ, ದಮ್ಮು ಶುರುವಾದರೆ ಅಂದೇ ತಿಳಿಸಿ.

ದುಡ್ಡಿನ ಮಾತು ಬಿಡುವಂತಿಲ್ಲ. ಈ ಔಷಧದ ಪೂರ್ಣ ಡೋಸ್ ಅಡಿಕೆ ತೋಟವನ್ನೇ ನುಂಗೀತು. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ನಿವೋಲುಮ್ಯಾಬನ್ನು (ಬ್ರೇಕ್ ಬಿಡಿಸುವ ಔಷಧಗಳಲ್ಲೊಂದು) ಕ್ಯಾನ್ಸರ್ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಒಂದು ವರ್ಷದ ನಂತರ ಬದುಕಿದ್ದವರು ಶೇ 43.4, ಬರೀ ಮಾತ್ರೆ ಪಡೆದವರಲ್ಲಿ ಶೇ 16.3. ಮುಂದುವರಿದ ಕಾಯಿಲೆಯವರ ಲೆಕ್ಕ ಇದು. ಕಡಿಮೆ ಡೋಸ್ ನಿಮಗೆ ಹೊಂದುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವಾಗ ಕಾಗದವಷ್ಟೇ ಸಾಲದು. ಲ್ಯಾಬಿನಿಂದ ಗಾಜಿನ ಸ್ಲೈಡ್, ಗಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಬರೆದುಕೊಟ್ಟು ಪಡೆಯಿರಿ. ಪಿಡಿ-ಎಲ್1 ಪರೀಕ್ಷೆ ಮಾಡುವುದು ಆ ಬ್ಲಾಕ್ ಕತ್ತರಿಸಿಯೇ. ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾದೀತು. ಚಿಕ್ಕಪ್ಪ ತಮ್ಮದನ್ನು ಎಲೆಅಡಿಕೆ ಸಂಚಿಯಲ್ಲಿ ಭದ್ರವಾಗಿ ತಂದಿದ್ದರು. ಅದರ ಪಕ್ಕದಲ್ಲೇ ನಾಲ್ಕು ಹೋಳು ಅಡಿಕೆಯೂ ಇತ್ತು.