ಲಾಗ್ ಕೂಡಿಸುವ ಮೊದಲು ಟೈಮ್ ಸರಿ ಮಾಡಿದೆವು

ಒಂದು ರಾತ್ರಿ ನಮ್ಮ ಪೇಮೆಂಟ್ ಸರ್ವಿಸ್ ನಿಂತುಹೋಯಿತು. ಹದಿನಾಲ್ಕು ಸರ್ವರ್‌ಗಳು. ಒಂದೊಂದಕ್ಕೂ ಲಾಗಿನ್ ಆಗಿ, ಅದರ ಲಾಗ್‌ನಲ್ಲಿ (ಸರ್ವರ್ ತನ್ನ ಕೆಲಸವನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ) ಗ್ರೆಪ್ ಅನ್ನೋ ಹುಡುಕುವ ಕಮಾಂಡ್ ಹೊಡೆಯುತ್ತಾ ಕೂತೆವು. ಆ್ಯಪ್ ಲಾಗ್‌ನಲ್ಲಿ ಎರರ್ 01:42ಕ್ಕೆ ಇತ್ತು, ಡೇಟಾಬೇಸ್ ಲಾಗ್‌ನಲ್ಲಿ 20:12ಕ್ಕೆ. ಎರಡಕ್ಕೂ ಸಂಬಂಧ ಇಲ್ಲ ಅಂದುಕೊಂಡು ಒಂದು ಗಂಟೆ ಕಳೆದೆವು. ಡೇಟಾಬೇಸ್ ಸರ್ವರ್ ಜಾಗತಿಕ ಸಮಯವಾದ ಯುಟಿಸಿಯಲ್ಲಿತ್ತು, ಆ್ಯಪ್ ಭಾರತೀಯ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿದರೆ ಅದೇ 01:42!

ಹಾಗಾಗಿ ಲಾಗ್‌ಗಳನ್ನೆಲ್ಲ ಒಂದೇ ಕಡೆ ತರಲು ಹೊರಟಾಗ ನಾನು ಮೊದಲು ಮುಟ್ಟಿದ್ದು ಟೈಮ್. ಎಲ್ಲ ಸರ್ವರ್‌ಗಳನ್ನೂ ಯುಟಿಸಿಗೆ ತಂದು, ಗಡಿಯಾರ ಸರಿಯಾಗಿಡುವ ಕ್ರೋನಿ ಹಾಕಿ, ಕೇಂದ್ರ ಸರ್ಕಾರದ ಎನ್‌ಐಸಿಯ ಟೈಮ್ ಸರ್ವರ್‌ಗೆ ಜೋಡಿಸಿದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲೂ ಇಂಥ ಟೈಮ್ ಸರ್ವರ್‌ಗೆ ಜೋಡಿಸುವ ಮಾತಿದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತಲೂ ಅದೇ ಹೇಳುತ್ತದೆ.

180 ದಿನಕ್ಕೆ ಎಷ್ಟು ಜಾಗ ಬೇಕು? ಸುಮ್ನೆ ಅಂದಾಜು ಮಾಡದೆ ಒಂದು ವಾರ ಅಳೆದೆ. ದಿನಕ್ಕೆ 6 ಜಿಬಿ. ಅದರಲ್ಲಿ ಅರ್ಧ ಒಂದೇ ಸರ್ವಿಸ್‌ನ ಡೀಬಗ್ ಸಾಲುಗಳು (ತಪ್ಪು ಹುಡುಕಲು ಬರೆಸುವ ಹೆಚ್ಚುವರಿ ವಿವರ). ಯಾರೋ ಆನ್ ಮಾಡಿ ಮರೆತಿದ್ದರು. ಅಲ್ಲೇ ಕೆಲವು ಸಾಲುಗಳಲ್ಲಿ ಗ್ರಾಹಕರ ಒಟಿಪಿ ಕೂಡ ಕಂಡಿತು. ನಿಜಕ್ಕೂ ಗಾಬರಿಯಾಯಿತು. ಡೀಬಗ್ ಆಫ್ ಮಾಡಿದೆವು. ಒಟಿಪಿ, ಮೊಬೈಲ್ ನಂಬರ್ ಲಾಗ್‌ಗೆ ಬೀಳದ ಹಾಗೆ ಆ್ಯಪ್‌ನಲ್ಲೇ ತಡೆದೆವು.

ಲಾಗ್ ಕೂಡಿಟ್ಟು ಹುಡುಕೋದಕ್ಕೆ ಲೋಕಿ, ಪರದೆಯ ಮೇಲೆ ನೋಡೋದಕ್ಕೆ ಗ್ರಫಾನಾ ಅನ್ನೋ ಸಾಫ್ಟ್‌ವೇರ್ ಹಾಕಿದೆವು. ಲೋಕಿ ಪೂರ್ತಿ ಸಾಲನ್ನಲ್ಲ, ಅದಕ್ಕೆ ಅಂಟಿಸಿದ ಲೇಬಲ್‌ಗಳನ್ನು ಮಾತ್ರ ಇಂಡೆಕ್ಸ್ (ಹುಡುಕುವ ಪಟ್ಟಿ) ಮಾಡುತ್ತದೆ. ನಾನು ಯೂಸರ್ ಐಡಿಯನ್ನೂ ಲೇಬಲ್ ಮಾಡಿಬಿಟ್ಟಿದ್ದೆ. ಒಬ್ಬೊಬ್ಬರಿಗೂ ಒಂದೊಂದು ಸ್ಟ್ರೀಮ್ (ಬೇರೆಯೇ ಲಾಗ್ ಗುಂಪು) ಹುಟ್ಟಿಕೊಂಡು ಮೆಮೊರಿ ತುಂಬಿತು. ಈಗ ಸರ್ವಿಸ್, ಹೋಸ್ಟ್ ಎರಡೇ ಲೇಬಲ್.

ನನಗೆ ಜಾಸ್ತಿ ಚಿಂತೆಯಿದ್ದದ್ದು ದಾರಿಯಲ್ಲಿ ಕಳೆದುಹೋಗುವ ಸಾಲುಗಳದ್ದು. ಲಾಗ್ ಕಳಿಸುವ ವಿಧಾನವಾದ ಸಿಸ್‌ಲಾಗ್, ತಲುಪಿತೇ ಅಂತ ನೋಡದ ಯುಡಿಪಿಯಲ್ಲಿ ಹೋದರೆ, ಕಳೆದದ್ದು ಗೊತ್ತೇ ಆಗುವುದಿಲ್ಲ ಅಲ್ವಾ? ಸರ್ವರ್‌ಗಳಿಂದ ಲಾಗ್ ಕಳಿಸುವ ಆರ್‌ಸಿಸ್‌ಲಾಗ್ ಅನ್ನು, ತಲುಪಿದ್ದನ್ನು ನೋಡಿಕೊಳ್ಳುವ ಟಿಸಿಪಿಗೆ ಬದಲಿಸಿ ಒಂದು ಪರೀಕ್ಷೆ ಮಾಡಿದೆ. ಲಾಗರ್ ಕಮಾಂಡ್‌ನಿಂದ 1ರಿಂದ 5000ದವರೆಗೆ ನಂಬರ್ ಹಾಕಿದ ಸಾಲುಗಳನ್ನು ಕಳಿಸುತ್ತಾ, ನಡುವೆ ಸೆಂಟ್ರಲ್ ಸರ್ವರ್ ನಿಲ್ಲಿಸಿದೆ. ಮತ್ತೆ ಶುರು ಮಾಡಿ ಎಣಿಸಿದರೆ ಸಾವಿರಕ್ಕೂ ಹೆಚ್ಚು ಸಾಲು ಇಲ್ಲ. ಕಳಿಸಲಾಗದ ಸಾಲುಗಳು ಕಾಯಲು ಡಿಸ್ಕ್ ಕ್ಯೂ ಇಟ್ಟು, ಮತ್ತೆ ಎಷ್ಟು ಸಲ ಪ್ರಯತ್ನಿಸಬೇಕು ಅನ್ನೋ ರೀಟ್ರೈ ಕೌಂಟ್ ಅನ್ನು -1 ಮಾಡಿದೆ. ಅಂದರೆ ತಲುಪುವವರೆಗೂ ಬಿಡಬೇಡ ಅಂತ. ಎರಡನೇ ಸಲ ಸರಿಯಾಗಿ 5000 ಬಂತು. ಯಾವುದೇ ಹೊಸ ಸರ್ವರ್ ಸೇರಿದರೂ ಈ ಎಣಿಕೆ ಮುಗಿಸಿಯೇ ಲೈವ್ ಮಾಡುತ್ತೇವೆ.