ಅಲರ್ಜಿ ಇದ್ದ ಮನೆಗೆ ಬೆಕ್ಕು ತರುವ ಮುಂಚೆ

"ಅಲರ್ಜಿ ಆಗದ ಬ್ರೀಡ್ ಯಾವುದ್ರೀ?" ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು, ಅಂಥ ತಳಿ ಇಲ್ಲ ಎಂದು. ಕಡಿಮೆ ತೊಂದರೆ ಕೊಡುವ ಬೆಕ್ಕುಗಳಿವೆ. ಆದರೆ ಅವು ಎಲ್ಲ ತಳಿಗಳಲ್ಲೂ ಅಲ್ಲೊಂದು ಇಲ್ಲೊಂದು ಇರುತ್ತವೆ, ನಮ್ಮ ಓಣಿಯ ದೇಸಿ ಬೆಕ್ಕುಗಳಲ್ಲೂ ಸಿಗುತ್ತವೆ. ಬಳ್ಳಾರಿ, ಗಂಗಾವತಿ, ರಾಯಚೂರು ಕಡೆಯ ಮನೆಗಳಿಗೆ ಬೆಕ್ಕು ಹೊಂದಿಸಿ ಕೊಡುವಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸೀನು ಬರಿಸುವುದು ಕೂದಲು ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಫೆಲ್ ಡಿ 1 ಎಂಬ ಪ್ರೋಟೀನ್. ಬೆಕ್ಕಿನ ಅಲರ್ಜಿ ಇರುವವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರ ಮೈ ಇದಕ್ಕೇ ತಿರುಗಿ ಬೀಳುತ್ತದೆ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆ ಗ್ರಂಥಿಗಳಲ್ಲಿ, ಗುದದ ಪಕ್ಕದ ಗ್ರಂಥಿಗಳಲ್ಲಿ ಇದು ಹುಟ್ಟುತ್ತದೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಚರ್ಮದ ಹೊಟ್ಟಿನ ಜೊತೆ ಪುಡಿಯಾಗಿ ಹಾರುತ್ತದೆ. ಅದರಲ್ಲಿ ಒಂದಷ್ಟು ಪಾಲು 5 ಮೈಕ್ರಾನ್‌ಗಿಂತ ಸಣ್ಣದು. ಅದು ಗಂಟೆಗಟ್ಟಲೆ ಗಾಳಿಯಲ್ಲೇ ಉಳಿಯುತ್ತದೆ, ಗೋಡೆಗೆ, ಪರದೆಗೆ, ಅಂಗಿಗೆ ಅಂಟುತ್ತದೆ. ಬೆಕ್ಕೇ ಇಲ್ಲದ ಮನೆಯಲ್ಲೂ ಕೆಲವರಿಗೆ ಕಣ್ಣು ತುರಿಸುವುದು, ಯಾರದೋ ಬಟ್ಟೆಯ ಮೇಲೆ ಅದು ಬಂದು ಸೇರಿರುತ್ತದೆ ಎಂಬ ಕಾರಣಕ್ಕೆ.

ಇದು ಗೊತ್ತಾದರೆ ತಳಿಗಳ ಬಗೆಗಿನ ಮಾತನ್ನು ತೂಗಿ ನೋಡುವುದು ಸುಲಭ. ಸ್ಫಿಂಕ್ಸ್‌ಗೆ ಕೂದಲಿಲ್ಲ, ಆದರೆ ಚರ್ಮವಿದೆ, ಜೊಲ್ಲಿದೆ. ಎಣ್ಣೆ ಹೀರಲು ಕೂದಲಿಲ್ಲದ್ದರಿಂದ ಅದು ಮೈಮೇಲೇ ನಿಂತು ಹಾಸಿಗೆಗೆ ಮೆತ್ತುತ್ತದೆ, ವಾರಕ್ಕೊಮ್ಮೆ ಸ್ನಾನ ಬೇಕೇ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅದರ ಚರ್ಮ ಬಿಸಿಲಿಗೆ ಸುಡುತ್ತದೆ. ನಾನಂತೂ ಇಲ್ಲಿಗೆ ಅದನ್ನು ಶಿಫಾರಸು ಮಾಡುವುದಿಲ್ಲ. ಡೆವನ್ ರೆಕ್ಸ್, ಕಾರ್ನಿಷ್ ರೆಕ್ಸ್‌ಗಳಿಗೆ ಗಿಡ್ಡ ಗುಂಗುರು ಕೂದಲು. ಉದುರುವುದು ಕಡಿಮೆ, ಹಾಗಾಗಿ ಹರಡುವುದು ಸ್ವಲ್ಪ ಕಡಿಮೆಯಾಗಬಹುದು. ಹುಟ್ಟುವ ಪ್ರೋಟೀನ್ ಕಡಿಮೆಯೇ ಎನ್ನಲು ಆಧಾರವಿಲ್ಲ. ಬಾಲಿನೀಸ್, ರಷ್ಯನ್ ಬ್ಲೂ ಬಗ್ಗೆಯೂ ಹೀಗೇ ಹೇಳುತ್ತಾರೆ, ಗಟ್ಟಿ ಪುರಾವೆ ಇಲ್ಲ. ಸೈಬೀರಿಯನ್ ಮಾತ್ರ ಸ್ವಲ್ಪ ಬೇರೆ: ಕೆಲವು ಸೈಬೀರಿಯನ್ ಬೆಕ್ಕುಗಳಲ್ಲಿ ಈ ಪ್ರೋಟೀನಿನ ಜೀನ್‌ಗಳಲ್ಲಿ ವ್ಯತ್ಯಾಸ ಕಂಡುಬಂದಿದೆ. ಹಾಗಂತ ಆ ತಳಿಯ ಪ್ರತಿಯೊಂದು ಬೆಕ್ಕೂ ಹಾಗಿರುತ್ತದೆ ಎಂದಲ್ಲ. ಜೊತೆಗೆ ಅದರದು ಮೂರು ಪದರದ ಕೂದಲು, ಚಳಿ ಸೀಮೆಗೆ ಬೆಳೆದದ್ದು. ಏಸಿ ಇಲ್ಲದ ಮನೆಗೆ ತಂದರೆ ಏಪ್ರಿಲ್‌ನಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ಬಿದ್ದಿರುತ್ತದೆ.

ಪೆಟ್ ಶಾಪ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಪರ್ಷಿಯನ್: ಮುಖ ಎಷ್ಟು ಚಪ್ಪಟೆ ಎಂಬುದರ ಮೇಲೆ ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಯಾವುದೂ ಕಡಿಮೆ ಅಲರ್ಜಿಯದಲ್ಲ. ಉದ್ದ ಕೂದಲಿನ ಪರ್ಷಿಯನ್ ಮಿಶ್ರಣವನ್ನು "ಸೈಬೀರಿಯನ್, ಟ್ರಿಪಲ್ ಕೋಟ್" ಎಂದೂ, ಬೂದು ಬಣ್ಣದ ದೇಸಿ ಮರಿಯನ್ನು "ರಷ್ಯನ್ ಬ್ಲೂ" ಎಂದೂ ಮಾರುವುದುಂಟು. ವಂಶದ ಕಾಗದ, ಅದರಲ್ಲಿ ಬರೆದ 15 ಅಂಕಿಯ ಮೈಕ್ರೋಚಿಪ್ (ಬೆಕ್ಕಿನ ಚರ್ಮದಡಿ ಇಡುವ ಗುರುತಿನ ಚಿಪ್) ಸಂಖ್ಯೆ, ಸ್ಕ್ಯಾನರ್ ಹಿಡಿದಾಗ ಬರುವ ಸಂಖ್ಯೆ ಮೂರೂ ತಾಳೆಯಾಗದಿದ್ದರೆ ತಳಿಯ ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಇನ್ನೊಂದು ಮಾತು, ಸೀನು ಬೆಕ್ಕಿನದೇ ಹೌದೋ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ನಮ್ಮ ಕಡೆ ಮೂಗು ಸೋರಲು ಕಾರಣಗಳಿಗೆ ಬರವೇ ಇಲ್ಲ. ಬಳ್ಳಾರಿ ಜಾಲಿಯ ಪರಾಗ ಹೆಸರಾದ ಅಲರ್ಜಿಕಾರಕ. ಮಳೆಯಾದ ಮೇಲೆ ಖಾಲಿ ಸೈಟುಗಳಲ್ಲೆಲ್ಲ ಪಾರ್ಥೇನಿಯಂ. ರಾಯಚೂರಿನ ಹತ್ತಿ ಮಿಲ್ಲು, ಗಂಗಾವತಿ–ಸಿಂಧನೂರಿನ ಅಕ್ಕಿ ಗಿರಣಿ, ಸಂಡೂರು ಕಡೆಯ ಅದಿರಿನ ಧೂಳು, ಮನೆಯೊಳಗಿನ ಧೂಳುಹುಳ. ಜಾಲಿ ಹೂ ಬಿಟ್ಟಾಗ ತಂದ ಬೆಕ್ಕಿಗೆ ಅಪವಾದ ಬಂದು, ಪಾಪದ ಪ್ರಾಣಿ ಬೀದಿಪಾಲಾಗಿಬಿಡುತ್ತದೆ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ, ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಅಥವಾ ರಕ್ತದ ಐಜಿಇ (ಅಲರ್ಜಿಯ ಪ್ರತಿಕಾಯ) ಪರೀಕ್ಷೆ ಬೇಕೇ ಎಂದು ಕೇಳಿ. ಪ್ರಿಕ್ ಟೆಸ್ಟ್‌ಗೆ ಮುಂಚೆ ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆಗಳನ್ನು 5ರಿಂದ 7 ದಿನ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಅಲರ್ಜಿ ಇದ್ದರೂ ಗುಳ್ಳೆ ಏಳುವುದಿಲ್ಲ. ಯಾವ ಮಾತ್ರೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ರಾತ್ರಿ ಎದೆಯಲ್ಲಿ ಸುಂಯ್ ಸದ್ದು, ದಮ್ಮು ಇರುವವರಿಗೆ ಮುಂದೆ ಹೇಳುವ ಯಾವ ಪ್ರಯೋಗವೂ ಬೇಡ.

ಈಗ ಬೆಕ್ಕು ಆರಿಸುವುದು. ಮರಿ ಬೇಡ, ಒಂದು ವರ್ಷ ದಾಟಿದ ಬೆಕ್ಕು ನೋಡಿ. ಮರಿ ಬೆಳೆದ ಮೇಲೆ ಅದರ ಪ್ರೋಟೀನ್ ಎಷ್ಟಾಗುತ್ತದೆ ಎಂದು ಮುಂಚೆ ಹೇಳಲು ಬರುವುದಿಲ್ಲ. ಆಪರೇಷನ್ ಆಗದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು, ಹೆಣ್ಣಿನಲ್ಲೂ ಬೀಜ ತೆಗೆಸಿದ ಗಂಡಿನಲ್ಲೂ ಕಡಿಮೆ, ಏಕೆಂದರೆ ಗಂಡು ಹಾರ್ಮೋನು ಇದನ್ನು ಹೆಚ್ಚಿಸುತ್ತದೆ. ತಳಿ ನೋಡಿ ದುಡ್ಡು ಸುರಿಯುವುದಕ್ಕಿಂತ ಈ ಒಂದು ಆಪರೇಷನ್ನಿನಿಂದ ಸಿಗುವ ಲಾಭ ದೊಡ್ಡದು. 6 ತಿಂಗಳ ಸುಮಾರಿಗೆ ಮಾಡಿಸಬಹುದು.

ಬಟ್ಟೆಯ ಪರೀಕ್ಷೆ ಹೀಗೆ: ಒಗೆದ ಹತ್ತಿ ಬಟ್ಟೆಯ ಎರಡು ತುಂಡು ತೆಗೆದುಕೊಳ್ಳಿ, ಒಂದೊಂದು ಅಡಿ ಉದ್ದ-ಅಗಲ. ಒಂದರಿಂದ ಬೆಕ್ಕಿನ ಕೆನ್ನೆ, ಕುತ್ತಿಗೆ, ಬಾಲದ ಬುಡವನ್ನು ಐದು ನಿಮಿಷ ಉಜ್ಜಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿಟ್ಟು, ಯಾವುದು ಯಾವುದೆಂದು ಅಲರ್ಜಿ ಇರುವವರಿಗೆ ಹೇಳದೆ ಗುರುತು ಹಾಕಿ. ಅವರು ಒಂದು ದಿನ ಒಂದನ್ನು, ಮರುದಿನ ಇನ್ನೊಂದನ್ನು ಮುಖದ ಹತ್ತಿರ ಕಾಲು ಗಂಟೆ ಹಿಡಿದುಕೊಂಡಿರಲಿ. ಗುಟ್ಟು ಏಕೆಂದರೆ, ಬೆಕ್ಕಿನ ಬಟ್ಟೆ ಎಂದು ಗೊತ್ತಾದ ಕೂಡಲೇ ಮೂಗು ತುರಿಸುವವರು ಬಹಳ. ಇದರಲ್ಲಿ ತೊಂದರೆ ಕಾಣದಿದ್ದರೆ ಅದೇ ಬೆಕ್ಕಿನ ಜೊತೆ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ. ಒಂದೇ ಸಲಕ್ಕೆ ತೀರ್ಮಾನ ಬೇಡ, ಬೇರೆ ಬೇರೆ ದಿನ ಮೂರು ಸಲವಾದರೂ ಆಗಲಿ. ಕೆಲವರಿಗೆ ಹತ್ತು ನಿಮಿಷಕ್ಕೇ ಕಣ್ಣು ಕೆಂಪಾಗುತ್ತದೆ, ಕೆಲವರಿಗೆ ಆರೆಂಟು ಗಂಟೆ ಕಳೆದ ಮೇಲೆ ಮೂಗು ಕಟ್ಟುತ್ತದೆ. ಹತ್ತು ಬೆಕ್ಕು ಇರುವ ಮನೆಯಲ್ಲಿ ಕೂತು ಒಂದರ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ.

ಇಷ್ಟಾದ ಮೇಲೂ ಮನೆಗೆ ತಂದು ಮೂರು ವಾರ ನೋಡಬೇಕು, ಏಕೆಂದರೆ ಮನೆಯಲ್ಲಿ ಪ್ರೋಟೀನ್ ಕೂಡುತ್ತ ಹೋಗುತ್ತದೆ. ಆಗದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತನ್ನು ಮುಂಚೆಯೇ ಮಾಡಿಕೊಳ್ಳಿ.

ಮನೆಯ ವಿಷಯಕ್ಕೆ ಬಂದರೆ ನಮ್ಮವರಿಗೆ ಒಂದು ಅನುಕೂಲವಿದೆ: ಶಹಾಬಾದ್ ಕಲ್ಲಿನದೋ ಟೈಲ್ಸಿನದೋ ನೆಲ, ಕಾರ್ಪೆಟ್ ಇಲ್ಲ. ದಿನಾ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಕಸಬರಿಗೆ ಆಡಿಸಿದರೆ ಕೂತದ್ದೆಲ್ಲ ಮತ್ತೆ ಏಳುತ್ತದೆ. ಒರೆಸುವ ನೀರಿಗೆ ಫಿನಾಯಿಲ್ ಹಾಕಬೇಡಿ. ಬೆಕ್ಕು ಪಾದ ನೆಕ್ಕುತ್ತದೆ, ಅದರ ಯಕೃತ್ತಿಗೆ ಫೀನಾಲ್ ಕರಗಿಸುವ ಶಕ್ತಿ ಇಲ್ಲ, ಅದು ವಿಷವೇ. ಸ್ವಲ್ಪ ಸಾಬೂನು ನೀರು ಸಾಕು. ಅನನುಕೂಲ ಏನೆಂದರೆ ಕೌದಿ, ಜಮಖಾನೆ, ಹತ್ತಿ ಗಾದಿ. ಪದರ ಪದರದ ಕೌದಿ ಈ ಪುಡಿಯನ್ನು ನುಂಗಿಟ್ಟುಕೊಳ್ಳುತ್ತದೆ, ವರ್ಷಕ್ಕೆರಡು ಸಲ ಕಾಲುವೆಗೆ ಒಯ್ದು ಒಗೆದರೆ ಸಾಲದು. ಅಲರ್ಜಿ ಇರುವವರು ವಾರಕ್ಕೊಮ್ಮೆ ಒಗೆಯಬಹುದಾದ ತೆಳು ಹೊದಿಕೆ ಹೊದೆಯಲಿ, ಗಾದಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಲಿ. ಅವರು ಮಲಗುವ ಕೋಣೆಗೆ ಬೆಕ್ಕು ಒಂದು ದಿನವೂ ಬರಕೂಡದು. ಮೊದಲ ರಾತ್ರಿಯಿಂದಲೇ ಬಾಗಿಲು ಹಾಕಿ, ಎರಡು ದಿನ ಒಳಗೆ ಬಿಟ್ಟು ಆಮೇಲೆ ಹಾಕಿದರೆ ಬೆಳಗಿನ ತನಕ ಬಾಗಿಲು ಕೆರೆಯುತ್ತದೆ.

ಏರ್ ಪ್ಯೂರಿಫೈಯರ್ ಕೊಳ್ಳುವವರು ಲೆಕ್ಕ ಹಾಕಿ ಕೊಳ್ಳಿ. 10×12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಸೋಸಬೇಕೆಂದರೆ ಸಿಎಡಿಆರ್ (ಯಂತ್ರ ಗಂಟೆಗೆ ಸೋಸಿ ಕೊಡುವ ಗಾಳಿಯ ಪ್ರಮಾಣ) ಗಂಟೆಗೆ 170 ಘನ ಮೀಟರಿಗೆ ಕಡಿಮೆ ಇರಬಾರದು, ಫಿಲ್ಟರ್ ಅತಿ ಸಣ್ಣ ಕಣಗಳನ್ನೂ ಹಿಡಿಯುವ ನಿಜವಾದ ಹೆಪಾ ಆಗಿರಬೇಕು. ಆದರೆ ಅದೇ ಕೋಣೆಯಲ್ಲಿ ಕಿಟಕಿ ತೆರೆದು ಕೂಲರ್ ಹಾಕಿದರೆ ಪ್ಯೂರಿಫೈಯರ್ ಹಾಕಿ ಉಪಯೋಗವಿಲ್ಲ. ಕೂಲರ್ ಇರುವ ಮನೆಯಲ್ಲಿ ಕೂಲರನ್ನೇ ಕಿಟಕಿಯ ಹೊರಗೆ ಕೂರಿಸಿ, ಎದುರಿನ ಕಿಟಕಿ ತೆರೆದಿಡಿ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಕೋಣೆಯೊಳಗೇ ಇಟ್ಟರೆ ಅದೇ ಗಾಳಿ ಸುತ್ತುತ್ತದೆ, ಹುಲ್ಲಿನ ಪ್ಯಾಡಿಗೆ ಬೂಸಲು ಬಂದರೆ ಅದರದೇ ಬೇರೆ ಅಲರ್ಜಿ.

ಬೆಕ್ಕಿಗೆ ಸ್ನಾನ ಮಾಡಿಸಿದರೆ ಪ್ರೋಟೀನ್ ತೊಳೆದು ಹೋಗುವುದು ನಿಜ, ಆದರೆ ಒಂದು ವಾರದೊಳಗೆ ಮೊದಲಿನಷ್ಟೇ ಆಗುತ್ತದೆ. ವಾರಕ್ಕೆರಡು ಸಲ ಸ್ನಾನ ಎಂದರೆ ಬೆಕ್ಕಿಗೂ ಸಂಕಟ, ನೀರು ಬಿಡುವ ದಿನ ಕಾಯುವ ನಮಗೂ ಸಂಕಟ. ನಾನು ಹೇಳುವುದು ಒರೆಸುವುದನ್ನು: ಮೈಕ್ರೋಫೈಬರ್ ಬಟ್ಟೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ದಿನಕ್ಕೊಮ್ಮೆ ತಲೆಯಿಂದ ಬಾಲದ ಕಡೆಗೆ ಒರೆಸಿ. ಬಾಚುವುದು, ಒರೆಸುವುದು, ಬೆಕ್ಕು ಮಲ-ಮೂತ್ರ ಮಾಡುವ ಮರಳಿನ ಡಬ್ಬಿ ತೆಗೆಯುವುದು ಮೂರನ್ನೂ ಅಲರ್ಜಿ ಇಲ್ಲದವರೇ ಮಾಡಬೇಕು, ಬಾಚುವುದಂತೂ ಮಾಳಿಗೆಯ ಮೇಲೆ. ಆ ಡಬ್ಬಿಗೆ ಹಾಕುವ ಬೆಂಟೋನೈಟ್ (ಜೇಡಿಮಣ್ಣಿನ) ಲಿಟರಿನ ಧೂಳಿಗೆ ಸೀನುವವರೂ ಇದ್ದಾರೆ, ಅಂಥವರ ಮನೆಗೆ ಸೋಯಾದಿಂದ ಮಾಡಿದ ಟೋಫು ಲಿಟರ್ ವಾಸಿ.

2020ರಲ್ಲಿ ಬಂದ ಪ್ಯೂರಿನಾದ ಲೈವ್‌ಕ್ಲಿಯರ್ ಆಹಾರದ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿರುವ ಮೊಟ್ಟೆಯ ಪ್ರತಿಕಾಯ ಜೊಲ್ಲಿನಲ್ಲೇ ಫೆಲ್ ಡಿ 1ಕ್ಕೆ ಅಂಟಿ ಅದನ್ನು ನಿಷ್ಕ್ರಿಯ ಮಾಡುತ್ತದೆ. ಮೂರನೇ ವಾರದಿಂದ ಸರಾಸರಿ 47% ಇಳಿಯುತ್ತದೆ ಎಂಬುದು ಕಂಪನಿಯ ಅಧ್ಯಯನದ ಲೆಕ್ಕ. ಮನೆಯ ಕೋಳಿ ಮೊಟ್ಟೆ ಹಾಕಿದರೆ ಈ ಕೆಲಸ ಆಗುವುದಿಲ್ಲ, ಆ ಪ್ರತಿಕಾಯ ಈ ಪ್ರೋಟೀನಿಗೆ ಒಡ್ಡಿದ ಕೋಳಿಗಳ ಮೊಟ್ಟೆಯಲ್ಲಷ್ಟೇ ಇರುತ್ತದೆ.

ಮೆಡಿಕಲ್ ಶಾಪಿನಿಂದ ಮಾಂಟೆಲುಕಾಸ್ಟ್ ಸೇರಿದ ಅಲರ್ಜಿ ಮಾತ್ರೆ ತಾವೇ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ನಿದ್ದೆ, ಮನಸ್ಸು ಕೆಡುವ ಅಡ್ಡ ಪರಿಣಾಮಗಳಿಗಾಗಿ ಅದಕ್ಕೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗಂಭೀರ ಎಚ್ಚರಿಕೆ ಹಾಕಿಸಿದ್ದಾರೆ, ವೈದ್ಯರನ್ನು ಕೇಳದೆ ಬೇಡ. ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇ ದಿನಾ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ, ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಅಲರ್ಜಿಕಾರಕವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ರೂಢಿ ಮಾಡಿಸುವ ಇಮ್ಯುನೋಥೆರಪಿ ಮೂರರಿಂದ ಐದು ವರ್ಷದ ಕೆಲಸ.

ಬೆಕ್ಕನ್ನು ವಾಪಸ್ ಕಳಿಸಿದ ಮರುದಿನವೇ ಸೀನು ನಿಲ್ಲಲಿಲ್ಲ ಎಂದು ಗಾಬರಿಯಾಗಬೇಡಿ. ಮನೆಯಲ್ಲಿ ಕೂತ ಪ್ರೋಟೀನ್ ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಬಾಡಿಗೆ ಮನೆ ಹಿಡಿಯುವಾಗಲೂ ಹಿಂದಿನವರು ಬೆಕ್ಕು ಸಾಕಿದ್ದರೇ ಎಂದು ಕೇಳಿ. ಸಾಕಿದ್ದರೆ ಪರದೆ ತೆಗೆಸಿ, ಗೋಡೆ ಒರೆಸಿ ಸುಣ್ಣ-ಬಣ್ಣ ಹೊಡೆಸಿ, ಫ್ಯಾನಿನ ರೆಕ್ಕೆ ಒದ್ದೆ ಬಟ್ಟೆಯಿಂದ ತೊಡೆದು ಆಮೇಲೆ ಸಾಮಾನು ಇಳಿಸಿ.